ಬುಧವಾರದ ಪ್ರಾಕ್ಟಿಕಲ್

ಸೊಸೆ ಓದುವುದಕ್ಕೆ ದುಗ್ಗಮ್ಮನ ತಕರಾರು ಇರಲಿಲ್ಲ. ತೀರ್ಥಹಳ್ಳಿಯಲ್ಲಿ ಈಗ ಓದದ ಸೊಸೆ ಯಾರ ಮನೆಯಲ್ಲಿದ್ದಾಳೆ? ತಕರಾರೆಲ್ಲ ಓದಿನ ಹೆಸರಿನ ಮೇಲೆ. ಎಂ.ಎಸ್ಸಿ. ಎಂದರೆ ಕೇಳಿದವರು ತಲೆಯಾಡಿಸುತ್ತಾರೆ. ಸೈಕಾಲಜಿ ಎಂದು ಸೇರಿಸಿದ ಕೂಡಲೇ ಆಡುತ್ತಿದ್ದ ತಲೆ ನಿಂತುಬಿಡುತ್ತದೆ. "ಅಂದ್ರೆ ತಲೆ ಕೆಟ್ಟೋರ ಓದಾ?" ಎಂದು ಸೊಪ್ಪು ಮಾರುವವಳು ಒಂದು ದಿನ ಎಲ್ಲರೆದುರು ಕೇಳಿದ ಮೇಲೆ ದುಗ್ಗಮ್ಮ ಸೊಸೆಯ ಓದನ್ನೇ ಬದಲಾಯಿಸಿಬಿಟ್ಟಳು. ಅಂದಿನಿಂದ ಯಾರು ಕೇಳಿದರೂ ಒಂದೇ ಉತ್ತರ: "ಬಿ.ಎಡ್ ಮಾಡ್ತಿದಾಳೆ, ಟೀಚರ್ ಆಗ್ತಾಳೆ."

ಮನೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ. ಮುಂದುಗಡೆ ಮಗ ಪೂರ್ಣೇಶನ ಕುಶನ್ ಅಂಗಡಿ. ಪ್ರೈವೇಟ್ ಬಸ್ಸುಗಳ ಹರಿದ ಸೀಟುಗಳು ಅಲ್ಲಿ ರೆಕ್ಸಿನ್ ಹೊದ್ದುಕೊಂಡು ಹೊಸದಾಗುತ್ತವೆ. ಹಿಂದೆ ಸಂಸಾರ. ಗಂಡ ವಾಸಪ್ಪ ಬಸ್ ಏಜೆಂಟನಾಗಿ ಆಯುಷ್ಯವೆಲ್ಲ ಊರುಗಳ ಹೆಸರು ಕೂಗಿದವನು, ಈಗ ಅಂಗಡಿಯಲ್ಲಿ ಹಳೇ ಸೀಟೊಂದರ ಮೇಲೆ ಕೂತು ಪೇಪರ್ ಓದುತ್ತಾನೆ. ಮಗಳು ಕವನಾ ಆಡಿಟರ್ ಆಫೀಸಿಗೆ ಹೋಗುತ್ತಾಳೆ. ಅವಳಿಗೆ ಗಂಡು ನೋಡುತ್ತಿದ್ದಾರೆ. ಸೊಸೆ ಯಶಸ್ವಿನಿ ಹೊಸನಗರದ ಕಡೆಯವಳು. ಅವಳಪ್ಪ ಮಾಸ್ತಿಕಟ್ಟೆಯಲ್ಲಿ ಕರೆಂಟಿನ ಕೆಲಸದಲ್ಲಿದ್ದವರು, ಅವಳು ಬೆಳೆದದ್ದು ಕ್ವಾರ್ಟರ್ಸಿನಲ್ಲಿ. "ಕ್ವಾರ್ಟರ್ಸಲ್ಲಿ ಬೆಳೆದೋರಿಗೆ ಬಾಗಿಲು ಹಾಕ್ಕೊಳ್ಳೋದೊಂದು ಚಾಳಿ" ಎಂಬುದು ದುಗ್ಗಮ್ಮನ ಹಳೇ ದೂರು. ಬಾಗಿಲು ಹಾಕಿದರೆ ಒಳಗೆ ಏನೋ ನಡೆಯುತ್ತಿದೆ ಎಂದೇ ಲೆಕ್ಕ. ಬಾಗಿಲು ತೆಗೆದಿಟ್ಟರೆ, ಏನೂ ನಡೆಯುತ್ತಿಲ್ಲ ಎಂದು ತೋರಿಸುವುದಕ್ಕೆ ತೆಗೆದಿಟ್ಟಿದ್ದಾಳೆ ಎಂದು ಇನ್ನೊಂದು ಲೆಕ್ಕ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಶನಿವಾರ, ಭಾನುವಾರ ಶಿವಮೊಗ್ಗದಲ್ಲಿ ಕ್ಲಾಸು. ಆ ದಿನ ಯಶಸ್ವಿನಿ ಬೆಳಗಿನ ರೊಟ್ಟಿ, ಮಧ್ಯಾಹ್ನದ ಸಾರು ಎರಡನ್ನೂ ಮುಗಿಸಿಟ್ಟೇ ಬಸ್ ಹತ್ತುತ್ತಿದ್ದಳು. ಅದರಲ್ಲೂ ದುಗ್ಗಮ್ಮನಿಗೆ ತಪ್ಪು ಹುಡುಕಲು ಬಾರದೆ ಇರಲಿಲ್ಲ. ಇಷ್ಟು ಚೊಕ್ಕವಾಗಿ ಕೆಲಸ ಮುಗಿಸಿ ಹೋಗುವವಳು ಯಾಕೆ ಹೋಗುತ್ತಾಳೆ ಎನ್ನುವುದೇ ಅವಳ ಸಂಶಯ.

"ಇದೊಂದು ಮುಗಿದ್ರೆ ಆತಲ್ಲ?" ಎಂದು ಒಂದು ದಿನ ರೊಟ್ಟಿ ಬೇಯಿಸುತ್ತ ಕೇಳಿದಳು.

"ಇದಾದ ಮೇಲೆ ಪಿಎಚ್‌ಡಿ, ಅತ್ತೆ. ನಮ್ಮ ಸರ್ ಹತ್ರ ಈ ವರ್ಷ ಒಂದೇ ಒಂದು ಜಾಗ ಇದೆ. ಈ ಸಲ ಪಾಸಾಗಿ ಬಂದ್ರೆ ನಿಂಗೇ ಅಂತ ಹೇಳಿದಾರೆ. ಈ ಸಲ ತಪ್ಪಿದ್ರೆ ಬೇರೆಯವ್ರಿಗೆ ಹೋಗುತ್ತೆ."

"ಅದೂ ಇದೇ ಓದಾ?"

"ಇದೇ, ಇನ್ನೂ ಆಳವಾಗಿ."

"ಇನ್ನೂ ಆಳ ಬೇರೆ!" ದುಗ್ಗಮ್ಮ ರೊಟ್ಟಿಯನ್ನು ಕಾವಲಿಯಿಂದ ಎತ್ತಿ ಬುಟ್ಟಿಗೆ ಎಸೆದಳು.

ನಿಜವಾದ ಸಂಶಯ ಹತ್ತಿಕೊಂಡದ್ದು ಅದರ ಮರುವಾರ. ಆಫೀಸಿನಿಂದ ಬಂದ ಕವನಾ ಕೈಕಾಲು ತೊಳೆದವಳೇ ಅತ್ತಿಗೆಯ ರೂಮು ಸೇರಿದಳು. ಬಾಗಿಲು ಮುಚ್ಚಿತು. ದುಗ್ಗಮ್ಮ ಪೊರಕೆ ಹಿಡಿದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತ ಬಾಗಿಲ ಹತ್ತಿರ ಬಂದಳು.

"ಈಗ ತಪ್ಪು ಕಡಿಮೆ ಆಯ್ತು. ಇನ್ನೊಂದ್ಸಲ ಮಾಡು" ಎನ್ನುತ್ತಿದ್ದಳು ಸೊಸೆ ಒಳಗೆ.

ನನ್ನ ಮಗಳ ತಪ್ಪು ಎಣಿಸುವುದಕ್ಕೆ ಇವಳ್ಯಾರು? ದುಗ್ಗಮ್ಮ ಬಾಗಿಲು ತಳ್ಳಿದಳು. ಮೇಜಿನ ಮೇಲೆ ಕನ್ನಡಿಯೊಂದನ್ನು ನಿಲ್ಲಿಸಿದ್ದರು. ಕವನಾಳ ಕೈ ಕಾಣದ ಹಾಗೆ ಅಡ್ಡಕ್ಕೆ ರಟ್ಟು. ಹುಡುಗಿ ಕನ್ನಡಿಯನ್ನೇ ದಿಟ್ಟಿಸುತ್ತ, ರಟ್ಟಿನ ಮರೆಯಲ್ಲಿ ಪೆನ್ಸಿಲ್ ಆಡಿಸುತ್ತಿದ್ದಳು.

"ಎಂತದೇ ಇದು?"

"ಪ್ರಾಕ್ಟಿಕಲ್ ಅಮ್ಮ" ಎಂದು ಕವನಾ ನಕ್ಕಳು. "ಕನ್ನಡೀಲಿ ನೋಡ್ಕೊಂಡು ನಕ್ಷತ್ರ ತಿದ್ದಬೇಕು. ಕೈ ಎತ್ಲಾಗೋ ಓಡುತ್ತೆ, ಮಜಾ ಇದೆ. ನೀನೂ ಮಾಡ್ತೀಯಾ?"

"ಪರೀಕ್ಷೇಲಿ ಇದನ್ನ ಬೇರೆ ಯಾರ ಕೈಲಾದ್ರೂ ಮಾಡ್ಸಿ ತೋರಿಸ್ಬೇಕು, ಅತ್ತೆ" ಎಂದಳು ಯಶಸ್ವಿನಿ. "ಆ ಜನಾನ ನಾವೇ ಕರ್ಕೊಂಡು ಹೋಗ್ಬೇಕು. ಕವನಾ ಬರ್ತೀನಿ ಅಂದಿದಾಳೆ."

"ಅಲ್ಲಿ ಇವಳ ಹೆಸರು ಬರ್ಕೊಳ್ತಾರಾ?"

"ಹೆಸರಿನ ಮೊದಲ ಅಕ್ಷರ, ವಯಸ್ಸು, ಅಷ್ಟೇ."

ಅಷ್ಟೇ ಸಾಕಿತ್ತು. ಯೂನಿವರ್ಸಿಟಿಯಲ್ಲಿ ಮದುವೆಯಾಗದ ಹುಡುಗಿಯ ತಲೆ ಪರೀಕ್ಷೆ! ನಾಳೆ ಯಾರಾದರೂ ವಿಚಾರಿಸಿದರೆ? ಆ ರಾತ್ರಿ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ವಾಸಪ್ಪ ಅನ್ನಕ್ಕೆ ಸಾರು ಕಲಸುತ್ತ, "ನನ್ನೇ ಕರ್ಕೊಂಡು ಹೋಗ್ಲಿ ಬಿಡು, ನನ್ನ ತಲೆ ಪರೀಕ್ಷೆ ಮಾಡ್ಸಿ ಬಹಳ ವರ್ಷ ಆತು" ಎಂದ. ಎಲ್ಲರೂ ನಕ್ಕರು. ತಾನು ಇಲ್ಲದಾಗ ಇವರೆಲ್ಲ ಹೀಗೇ ನಗುತ್ತಾರೆ ಎಂದು ದುಗ್ಗಮ್ಮನಿಗೆ ಅನ್ನಿಸಿ, ಮಜ್ಜಿಗೆ ಹಾಕಿಕೊಳ್ಳದೆ ಎದ್ದಳು.

ಸಾಗರದ ಸಂಬಂಧ ಬಂದದ್ದು ಇದೇ ಹೊತ್ತಿಗೆ. ತಂದವನು ಆನಂದಪುರದ ಅಂಜನಪ್ಪ, ವಾಸಪ್ಪನ ದೊಡ್ಡಪ್ಪನ ಮಗ. ಹುಡುಗ ವಿನೋದ್, ಸಾಗರದ ಪೇಟೆಯಲ್ಲಿ ಅವರದೇ ಪಾತ್ರೆ ಅಂಗಡಿ. ಅಪ್ಪ ಶಿವಮೂರ್ತಿ, ಅಮ್ಮ ಜಲಜಮ್ಮ. ಹುಡುಗಿ ನೋಡಲು ಬಂದರು, ಕಾಫಿ ಕುಡಿದರು, ಒಪ್ಪಿಗೆಯ ಮುಖವೇ ಮಾಡಿದರು. ವಿನೋದ್ ಮಾತು ಕಡಿಮೆ, ಆದರೆ ಕುಡಿದ ಲೋಟವನ್ನು ತಾನೇ ಒಳಗೆ ತಂದಿಟ್ಟ. ಕವನಾ ಅದನ್ನು ನೋಡಿದಳು. ದುಗ್ಗಮ್ಮನೂ ನೋಡಿದಳು.

ಹೊರಡುವಾಗ ಜಲಜಮ್ಮ ಕೇಳಿದರು: "ನಿಮ್ಮ ಸೊಸೆ ಎಂತ ಓದ್ತಿದಾರೆ?"

"ಬಿ.ಎಡ್" ಎಂದಳು ದುಗ್ಗಮ್ಮ, ಅಭ್ಯಾಸಬಲದಿಂದ.

"ಹೌದಾ? ಅಂಜನಪ್ಪ ಸೈಕಾಲಜಿ ಅಂತೇನೋ ಹೇಳಿದ್ರಪ್ಪ."

ಬಾಗಿಲಲ್ಲಿ ನಿಂತಿದ್ದ ಯಶಸ್ವಿನಿ, "ಹೂಂ, ಎಂ.ಎಸ್ಸಿ. ಸೈಕಾಲಜಿ" ಎಂದುಬಿಟ್ಟಳು. ದುಗ್ಗಮ್ಮ ನಡುವೆ ಬಾಯಿ ಹಾಕಿದಳು. "ಅದೂ ಇದೆ, ಇದೂ ಇದೆ... ನಮ್ಮನೇಲಿ ಯಾರಿಗೂ ಎಂತದೂ ಇಲ್ಲ, ಸುಮ್ನೆ ಓದ್ತಾಳೆ ಅಷ್ಟೇ!" ಎಂದಳು. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಜಲಜಮ್ಮ ಯಶಸ್ವಿನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಾರು ಹತ್ತಿದರು.

ಆಮೇಲೆ ಸಾಗರದಿಂದ ಬಂದ ಒಂದೊಂದು ಫೋನಿನಲ್ಲೂ ಅದೇ. ಕವನಾಳ ಬಗ್ಗೆ ಒಂದು ಮಾತು, ಸೊಸೆಯ ಬಗ್ಗೆ ನಾಲ್ಕು. "ಸೊಸೆ ಆರಾಮಾ? ಓದು ಎಲ್ಲಿಗೆ ಬಂತು? ಮನೇಲೇ ಇರ್ತಾರಾ, ಬೇರೆ ಕಡೆ ಹೋಗ್ತಾರಾ?" ದುಗ್ಗಮ್ಮನಿಗೆ ಅನುಮಾನವೇ ಉಳಿಯಲಿಲ್ಲ. ಸಾಗರದವರು ನಮ್ಮನ್ನು ಶೋಧಿಸುತ್ತಿದ್ದಾರೆ. ಈ ಮನೆಯಲ್ಲಿ ಯಾರದೋ ತಲೆ ನೆಟ್ಟಗಿಲ್ಲ, ಅದಕ್ಕೇ ಸೊಸೆಯನ್ನು ಈ ಓದಿಗೆ ಹಾಕಿದ್ದಾರೆ ಎಂದುಕೊಂಡಿದ್ದಾರೆ. ಅವಳ ಪಾಲಿಗೆ ಇದು ಆಣೆ ಮಾಡಿ ಹೇಳಬಹುದಾದಷ್ಟು ಸತ್ಯ.

ಒಂದು ಬೆಳಿಗ್ಗೆ ಜಲಜಮ್ಮನ ಫೋನು: "ಬರೋ ಬುಧವಾರ ಮಾತುಕತೆಗೆ ಬರ್ತೀವಿ. ನಿಮ್ಮ ಸೊಸೆ ಇರ್ತಾರಲ್ಲ? ಅವ್ರು ಇರ್ಲೇಬೇಕು ಮತ್ತೆ."

ಬುಧವಾರವೇ ಯಶಸ್ವಿನಿಯ ಪ್ರಾಕ್ಟಿಕಲ್.

"ಅತ್ತೆ, ಒಂದು ದಿನ ಆಚೆ ಹಾಕ್ಸಿ" ಎಂದಳು ಯಶಸ್ವಿನಿ. "ಗುರುವಾರ ಬರ್ಲಿ. ಬೇಕಾದ್ರೆ ಪೂರ್ತಿ ಅಡುಗೆ ನಾನೇ ಮಾಡ್ತೀನಿ. ಪರೀಕ್ಷೆ ಆಚೆ ಹಾಕೋದು ನನ್ನ ಕೈಲಿಲ್ಲ."

"ಸಂಬಂಧದೋರಿಗೆ ಇವತ್ತು ಬನ್ನಿ, ನಾಳೆ ಬನ್ನಿ ಅನ್ನಕ್ಕಾಗುತ್ತಾ? ಎಂತ ಅಂದ್ಕೊಳಲ್ಲ ಅವ್ರು?"

"ಕೇಳಿ ನೋಡಮ್ಮ, ಕೇಳಿದ್ರೆ ಗಂಟೇನು ಹೋಗುತ್ತೆ" ಎಂದ ಪೂರ್ಣೇಶ. ಹೆಂಡತಿ ಮತ್ತು ತಾಯಿಯ ನಡುವೆ ಅವನ ಸ್ಥಿತಿ ಅಡಕತ್ತರಿಗೆ ಸಿಕ್ಕಿದ ಹಾಗಿತ್ತು. "ಎರಡು ವರ್ಷ ಓದಿದಾಳೆ. ಈ ಒಂದು ದಿನಕ್ಕೆ ಎಲ್ಲಾ ನಿಂತಿದೆ."

"ನಿನ್ನ ತಂಗಿ ಬಾಳೂ ಆ ಒಂದು ದಿನಕ್ಕೇ ನಿಂತಿದೆ."

ಕವನಾ ಬಾಯಿ ಹಾಕಿದಳು. "ನಂದೇನೂ ನಿಂತಿಲ್ಲ. ನಾನೂ ಅವತ್ತು ಅತ್ತಿಗೆ ಜೊತೆ ಹೋಗ್ಬೇಕಲ್ಲ. ಗುರುವಾರ ಬರ್ಲಿ ಅಂತ ಹೇಳು."

ಮಗಳೂ ಅವಳ ಕಡೆಗೇ! ದುಗ್ಗಮ್ಮ ಸೆರಗು ಬಿಗಿದು ಎದ್ದಳು. "ಆತು, ಕೇಳ್ತೀನಿ" ಎಂದು ಫೋನು ಹಿಡಿದು ಹಿತ್ತಿಲಿಗೆ ಹೋದಳು. ಬಸಳೆ ಚಪ್ಪರದ ಹತ್ತಿರ ನಿಂತು ಫೋನನ್ನು ಕಿವಿಗಿಟ್ಟುಕೊಂಡಳು. ನಂಬರು ಒತ್ತಲಿಲ್ಲ. ಸೊಸೆ ಮನೆಯಲ್ಲಿಲ್ಲದಿದ್ದರೆ ಅವರ ಸಂಶಯ ಗಟ್ಟಿಯಾಗುತ್ತದೆ. ಪರೀಕ್ಷೆಗೆ ಹೋಗಿದ್ದಾಳೆ ಎಂದರೆ ಮತ್ತೆ ಆ ಹಾಳು ಓದಿನ ಮಾತೇ ಬರುತ್ತದೆ. ಇದೊಂದು ವರ್ಷ ತಪ್ಪಿದರೆ ಆ ಜಾಗವೂ ಹೋಗುತ್ತದೆ, ಓದಿನ ಪೀಡೆಯೂ ಕಳೆಯುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಚಪ್ಪರಕ್ಕೆ ಹಬ್ಬಿದ್ದ ಬಸಳೆಯ ಎರಡು ಕುಡಿ ಚಿವುಟಿಕೊಂಡು ಒಳಗೆ ಬಂದಳು.

"ಆಗಲ್ವಂತೆ. ಬುಧವಾರಾನೇ ಆಗ್ಬೇಕಂತೆ."

"ಕವನಾ ಇಲ್ಲೇ ಇರ್ಲಿ, ನಾನು ಹೋಗ್ತೀನಿ. ಬೇರೆ ಯಾರನ್ನಾದ್ರೂ ಕರ್ಕೊಳ್ತೀನಿ" ಎಂದಳು ಯಶಸ್ವಿನಿ.

ಪಕ್ಕದ ಮನೆಯ ಸ್ವಪ್ನಾ ಬರುತ್ತೇನೆಂದಳು. ಅದು ಕಿವಿಗೆ ಬಿದ್ದ ಸಂಜೆಯೇ ದುಗ್ಗಮ್ಮ ಉಪ್ಪಿನಕಾಯಿ ಕೊಡುವ ನೆಪದಲ್ಲಿ ಪಕ್ಕದ ಮನೆಗೆ ಹೋಗಿ ಸ್ವಪ್ನಾಳ ತಾಯಿಯ ಹತ್ತಿರ ಕೂತಳು. "ನಾನು ಹೇಳ್ದೆ ಅನ್ಬೇಡ. ಹುಡುಗಿ ಹೆಸರು ಅಲ್ಲೆಲ್ಲ ಹೋಗೋದು ಬೇಡ ಮಾರಾಯ್ತಿ. ನಾವು ಕವನಾನ್ನೇ ಬಿಡ್ಸಿದೀವಿ." ಮಾರನೇ ದಿನ ಸ್ವಪ್ನಾಳಿಗೆ ಜ್ವರ ಬಂತು. ಜ್ವರ ಬಂದ ಹುಡುಗಿ ಸಂಜೆ ಗೋಬಿ ತಿನ್ನುತ್ತ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಮಂಗಳವಾರ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ಜೊತೆಗೆ ಅಲ್ಲೇ ಯಾರನ್ನಾದರೂ ಹುಡುಕಿಕೊಳ್ಳುತ್ತೇನೆಂದು ಯಶಸ್ವಿನಿ ಬ್ಯಾಗಿಗೆ ಕನ್ನಡಿ, ರಟ್ಟು, ಪುಸ್ತಕ ತುಂಬುತ್ತಿದ್ದಳು, ಬೆಳಗಿನ ಮೊದಲ ಬಸ್ಸಿಗೆ. ದುಗ್ಗಮ್ಮ ಬಾಗಿಲಿಗೆ ಅಡ್ಡ ಕೂತಳು.

"ನೀನಿರ್ಬೇಕು ಅಂತ ಅವ್ರು ಬಾಯಿಬಿಟ್ಟು ಹೇಳಿದಾರೆ. ನೀನಿಲ್ದೆ ಈ ಸಂಬಂಧ ತಪ್ಪಿದ್ರೆ, ನಾಳೆ ಕವನಾ ಮುಖಾನ ನೀನೇ ನೋಡ್ಬೇಕು, ತಿಳ್ಕೊ. ನಿಂಗೆ ಮದುವೆ ಆಗಿ ಮನೆ ಆಯ್ತು. ಅವಳಿಗೆ ಇನ್ನೂ ಆಗಿಲ್ಲ."

ಯಶಸ್ವಿನಿ ಕವನಾಳನ್ನು ನೋಡಿದಳು. "ಹೋಗಿ ಅತ್ತಿಗೆ" ಎಂದಳು ಕವನಾ. ಆದರೆ ಅವಳ ಕಣ್ಣು ತುಂಬಿತ್ತು. ಹುಡುಗ ಅವಳಿಗೆ ಹಿಡಿಸಿದ್ದ. ಅದು ಮನೆಯವರಿಗೆಲ್ಲ ಗೊತ್ತಿತ್ತು.

ಯಶಸ್ವಿನಿ ಬ್ಯಾಗಿನ ಜಿಪ್ ಎಳೆಯಲೇ ಇಲ್ಲ. ತುಂಬಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಬೀರುವಿನಲ್ಲಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ, ಮಾರನೇ ದಿನದ ಕಡುಬಿಗೆ ಅಕ್ಕಿ ನೆನೆಹಾಕಿದಳು. ಪೂರ್ಣೇಶ ಊಟ ಬೇಡ ಎಂದು ಅಂಗಡಿಯಲ್ಲೇ ಮಲಗಿದ. ಗೆದ್ದ ದುಗ್ಗಮ್ಮ ಮಾತ್ರ ಹೊಟ್ಟೆತುಂಬ ಉಂಡಳು.

ಬುಧವಾರ ಸಾಗರದವರು ಬಂದರು. ಕಡುಬು, ಕೋಳಿಸಾರು. ಯಶಸ್ವಿನಿ ಬಡಿಸುತ್ತಿದ್ದಳು, ಅವಳ ಕಣ್ಣು ಆಗಾಗ ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು. ಶಿವಮೂರ್ತಿಯವರು ಛತ್ರ, ದಿನ ಎಂದು ಮಾತಾಡಿದರು. ವಾಸಪ್ಪ ಎಲ್ಲದಕ್ಕೂ "ಆತು, ಆತು" ಎಂದ. ಜಲಜಮ್ಮ ಒಂದು ಕಡುಬು ಹೆಚ್ಚಿಗೆ ಹಾಕಿಸಿಕೊಳ್ಳುತ್ತ ಯಶಸ್ವಿನಿಯನ್ನು ಕೇಳಿದರು.

"ನಿಮ್ಮ ಪರೀಕ್ಷೆ ಎಲ್ಲಾ ಮುಗಿತಾ?"

"ಇವತ್ತೊಂದಿತ್ತು" ಎಂದಳು ಯಶಸ್ವಿನಿ.

"ಇವತ್ತಾ? ಮತ್ತೆ ಹೋಗ್ಲಿಲ್ವಾ?"

"ನೀವು ಬರೋರಿದ್ರಲ್ಲ."

ಜಲಜಮ್ಮ ತುತ್ತು ಕೈಯಲ್ಲೇ ಹಿಡಿದುಕೊಂಡರು. "ಅಯ್ಯೋ ದೇವ್ರೇ! ಒಂದು ಮಾತು ಹೇಳಿದ್ರೆ ನಾವು ನಾಳೆ ಬರ್ತಿದ್ವಲ್ಲ! ಬುಧವಾರಾನೇ ಆಗ್ಬೇಕು ಅಂತ ನಮ್ಗೆಂತ ಇತ್ತು? ಯಾಕೆ ದುಗ್ಗಮ್ನೋರೇ, ಒಂದು ಫೋನ್ ಮಾಡಬಾರ್ದಿತ್ತಾ?"

ಪೂರ್ಣೇಶ ತಾಯಿಯ ಕಡೆ ತಿರುಗಿದ. ಕವನಾ ನೀರಿನ ಚೊಂಬನ್ನು ನೆಲಕ್ಕಿಟ್ಟಳು. ಯಶಸ್ವಿನಿ ಮಾತ್ರ ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದಳು. "ಸಾರು ಹಾಕ್ಲಾ?" ಎಂದು ವಿನೋದನನ್ನು ಕೇಳಿದಳು. ದುಗ್ಗಮ್ಮನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಊಟದ ಮೇಲೆ ಜಲಜಮ್ಮ ಅತ್ತೆ ಸೊಸೆ ಇಬ್ಬರನ್ನೂ ಅಡುಗೆಮನೆಗೆ ಕರೆದು, ಬಾಗಿಲನ್ನು ತಾವೇ ಮುಂದೆ ಮಾಡಿದರು. ಎಲೆಯಡಿಕೆ ಕೈಯಲ್ಲಿತ್ತು, ಬಾಯಿಗೆ ಹಾಕಿರಲಿಲ್ಲ.

"ಒಂದು ವಿಷಯ ಇದೆ. ಮದುವೆ ದಿನ ಇಡೋದಕ್ಕೆ ಮೊದಲು ಹೇಳ್ಬೇಕು ಅಂತ ವಿನೋದ್‌ದೇ ಹಟ. ಕಾಲೇಜಲ್ಲಿದ್ದಾಗ ಅವನಿಗೆ ಮನಸ್ಸು ಸರಿ ಇರ್ಲಿಲ್ಲ. ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ, ಊಟ ಬೇಡ, ಮಾತು ಬೇಡ. ಶಿವಮೊಗ್ಗದಲ್ಲಿ ತೋರಿಸಿದ್ವಿ. ಈಗ ಆರಾಮಿದಾನೆ, ಅಂಗಡಿ ಪೂರ್ತಿ ಅವನೇ ನೋಡೋದು. ಮಾತ್ರೆ ಮಾತ್ರ ಇನ್ನೂ ಇದೆ." ಜಲಜಮ್ಮನ ಧ್ವನಿ ಇಳಿಯಿತು. "ಹೇಳಿದ ಕಡೆಯೆಲ್ಲ ಸಂಬಂಧ ತಪ್ಪಿಹೋಯ್ತು. ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಹೋದೋರಿದಾರೆ. ಅಂಜನಪ್ಪ ಈ ಮನೆ ಸೊಸೆ ಅದನ್ನೇ ಓದ್ತಿದಾರೆ ಅಂದಾಗ, ಇಲ್ಲಾದ್ರೂ ಅರ್ಥ ಮಾಡ್ಕೊಳ್ಳೋರು ಒಬ್ರಿದಾರೆ ಅಂತ ಜೀವ ಬಂತು. ನೀವು ಬಿ.ಎಡ್ ಅಂದಾಗ ನನ್ನೆದೆ ಧಸಕ್ಕಂದಿತ್ತು ನೋಡಿ."

ದುಗ್ಗಮ್ಮ ಅಲ್ಲೇ ಮಣೆಯ ಮೇಲೆ ಕೂತಳು. ವಾರಗಟ್ಟಲೆ ತಾನು ಹೆದರಿದ ಪ್ರಶ್ನೆಗಳೆಲ್ಲ ಇನ್ನೊಬ್ಬ ತಾಯಿಯ ಹೆದರಿಕೆಗಳಾಗಿದ್ದವು. ಅಯ್ಯೋ ಎನ್ನಿಸಿತು. ಆದರೆ ಸಂಶಯದ ಬುದ್ಧಿ ಒಂದು ಗಳಿಗೆಯೂ ಸುಮ್ಮನಿರದು. ಮುಚ್ಚಿಟ್ಟದ್ದು ಇನ್ನೇನಿದೆಯೋ, ಕವನಾಳ ಗತಿಯೇನೋ ಎಂದು ಅದು ಆಗಲೇ ಇನ್ನೊಂದು ದಾರಿ ಹಿಡಿದಿತ್ತು.

"ಮನೇಲಿ ಮಾತಾಡಿ ಹೇಳ್ತೀವಿ" ಎಂದಷ್ಟೇ ಅಂದಳು.

ಕಾರು ಹೋದದ್ದೇ ತಡ, ಪೂರ್ಣೇಶ ಶುರುಮಾಡಿದ. "ಫೋನ್ ಮಾಡ್ದೆ ಅಂದ್ಯಲ್ಲಮ್ಮ?"

"ಮಾಡಿದ್ದೆ... ಸಿಗ್ನಲ್ ಸಿಗ್ಲಿಲ್ಲ."

"ಆಗಲ್ವಂತೆ ಅಂತ ಹೇಳಿದ್ಯಾರು ಹಂಗಾದ್ರೆ? ಬಸಳೆ ಚಪ್ಪರಾನಾ?"

"ನಾನೆಂತ ನನ್ನ ಸುಖಕ್ಕೆ ಮಾಡಿದ್ನಾ? ನಿನ್ನ ತಂಗಿಗೋಸ್ಕರ..."

"ನನ್ನ ಹೆಸರು ಹೇಳ್ಬೇಡ!" ಎಂದು ಕವನಾ ಕಿರುಚಿದಳು. "ನನ್ನ ಹೆಸರಲ್ಲಿ ಅತ್ತಿಗೆ ವರ್ಷ ಹಾಳು ಮಾಡ್ದೆ ನೀನು."

ಯಾವತ್ತೂ ಹಾಸ್ಯ ಬಿಡದ ವಾಸಪ್ಪ ಪೇಪರ್ ಮಡಿಸಿ, "ತಪ್ಪಾತು ಮಾರಾಯ್ತಿ, ದೊಡ್ಡ ತಪ್ಪಾತು" ಎಂದು ಹೆಂಡತಿಯ ಮುಖ ನೋಡದೆ ಹೊರಗೆ ಹೋದ. ಯಶಸ್ವಿನಿ ಹಿತ್ತಿಲ ನಲ್ಲಿಯಲ್ಲಿ ಕಡುಬಿನ ಪಾತ್ರೆ ತಿಕ್ಕುತ್ತಿದ್ದಳು. ಅವಳು ಜಗಳಕ್ಕೂ ಬರಲಿಲ್ಲ, ಅಳಲೂ ಇಲ್ಲ. ಬಂದು ನಾಲ್ಕು ಮಾತು ಬೈದಿದ್ದರೆ ದುಗ್ಗಮ್ಮನೂ ನಾಲ್ಕು ಬೈದು ಹಗುರಾಗುತ್ತಿದ್ದಳು.

ಮೂರು ನಾಲ್ಕು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಕವನಾ ಮಾತ್ರ ತನ್ನ ಮಾತು ಖಚಿತವಾಗಿ ಹೇಳಿಬಿಟ್ಟಿದ್ದಳು: "ನಂಗೆ ಒಪ್ಪಿಗೆ ಇದೆ. ತಾವಾಗೇ ಹೇಳಿದಾರಲ್ಲ, ಮುಚ್ಚಿಡೋರಿಗಿಂತ ವಾಸಿ." ಸಾಗರಕ್ಕೆ ಉತ್ತರ ಹೇಳಬೇಕಿತ್ತು. ದುಗ್ಗಮ್ಮನಿಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಯಾರನ್ನು ಕೇಳುವುದು? ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕೊನೆಗೆ ಭಾನುವಾರ ಬೆಳಿಗ್ಗೆ, ಕ್ಲಾಸುಗಳು ಮುಗಿದು ಮನೆಯಲ್ಲೇ ಇದ್ದ ಸೊಸೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಾಗ, ಅವಳ ಪಕ್ಕಕ್ಕೆ ಹೋಗಿ ಮಣೆ ಎಳೆದು ಕೂತಳು.

"ಯಶೂ." ಹಾಗೆ ಕರೆದದ್ದು ಮದುವೆಯಾದ ಹೊಸದರಲ್ಲಿ, ಆಮೇಲೆ ಈಗ. "ಅದು ಎಂಥ ಕಾಯಿಲೆ? ಮತ್ತೆ ಮರುಕಳಿಸುತ್ತಾ? ಮಕ್ಕಳಿಗೆ ಬರುತ್ತಾ? ಕವನಾನ್ನ ಕೊಡಬಹುದಾ?"

"ಕವನಾ, ವಿನೋದ್ ಇಬ್ರೂ ಒಟ್ಟಿಗೆ ಹೋಗಿ ಅವ್ರ ಡಾಕ್ಟರನ್ನ ಕೇಳ್ಲಿ ಅತ್ತೆ. ಅವ್ರು ಸರಿಯಾಗಿ ಹೇಳ್ತಾರೆ."

"ಡಾಕ್ಟರು ಅವ್ರ ಕಡೆಯೋರು. ಮನೇಲಿ ಓದಿದೋಳು ನೀನಿರುವಾಗ ಹೊರಗಿನೋರನ್ನ ಯಾಕೆ ಕೇಳೋದು? ನಂಗೆ ನೀನು ಹೇಳ್ಬೇಕು. ನೀನು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ. ನಿನ್ನ ಮಾತು ನಂಬ್ತೀನಿ."

ಯಶಸ್ವಿನಿ ರೊಟ್ಟಿ ಮಗುಚಿದಳು. ಅದು ಉಬ್ಬುವುದನ್ನು ನೋಡುತ್ತ ಕೂತು, ಉಬ್ಬಿದ ಮೇಲೆ ತೆಗೆದು ಅತ್ತೆಯ ತಟ್ಟೆಗೆ ಹಾಕಿದಳು.

"ನಾನು ಹೇಳಬಾರ್ದು ಅತ್ತೆ" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ, ಕೊಂಕಿರಲಿಲ್ಲ. "ನಾನಿನ್ನೂ ಪಾಸಾಗಿಲ್ಲ."

ದುಗ್ಗಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಮಾತಿನಲ್ಲಿ ಸಂಶಯಪಡುವಂಥದ್ದು ಅವಳಿಗೆ ಏನೂ ಸಿಗಲಿಲ್ಲ.